ವಿಳಂಬದ ಕಾರಣ

ಬೆಳಿಗ್ಗೆ ಆರೂ ಹತ್ತಕ್ಕೆ ಮೊದಲ ಊಟ.
ಮೂವತ್ತೊಂದು ವರ್ಷ ರೀಗಾದಲ್ಲಿ ಟ್ರಾಮ್ ಓಡಿಸಿದವಳು ನಾನು,
ಆರೂ ಹತ್ತೆಂದರೆ ಆರೂ ಹತ್ತೇ.
ಟರ್ಕಿ ಕೋಳಿಯ ಎದೆ, ಚರ್ಮ ಸುಲಿದು ಬೇಯಿಸಿದ್ದು,
ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೆಂದ ಅನ್ನ,
ಒಂದು ಚಮಚ ಕುಂಬಳ. ಉಪ್ಪಿಲ್ಲ, ಈರುಳ್ಳಿಯಿಲ್ಲ,
ಹಾಲಿನ ಹೆಸರೆತ್ತಬೇಡಿ ಅಂದಿದ್ದಾರೆ
ಡಾಕ್ಟರ್ ಇಂಗ್ರೀದಾ.

ರೂಕಿಸ್ ಬರುತ್ತಾನೆ. ಮೂಸುತ್ತಾನೆ.
ಟಿಕೆಟ್ ತಪಾಸಣೆಗೆ ಹತ್ತಿದ ಇನ್ಸ್‌ಪೆಕ್ಟರನ ಹಾಗೆ
ಒಂದೊಂದು ಅಗುಳನ್ನೂ ವಿಚಾರಿಸುತ್ತಾನೆ.
ಆಮೇಲೆ ಹೋಗಿ ರೇಡಿಯೇಟರಿನ ಪಕ್ಕ
ನನಗೆ ಬೆನ್ನು ಮಾಡಿ ಮಲಗುತ್ತಾನೆ.

ಮೊದಲು ಬಟ್ಟಲಿನ ಮೇಲೆ ಅನುಮಾನ ಬಂತು.
ಕೊರಳಿನ ಬಿಲ್ಲೆ ಸ್ಟೀಲಿಗೆ ತಾಗಿ ಠಣ್ಣೆಂದಾಗೆಲ್ಲ
ಬೆಚ್ಚಿ ಹಿಂದೆ ಸರಿಯುತ್ತಿದ್ದ.
ಅಮ್ಮನ ಸೂಪು ತಟ್ಟೆ ತೆಗೆದೆ, ಅಂಚು ಮುಕ್ಕಾದದ್ದು,
ನೀಲಿ ಹೂವಿನದು. ಎರಡು ದಿನ ತಿಂದ.
ಮೂರನೆಯ ರಾತ್ರಿ ಹೊಟ್ಟೆ
ಗುಡುಗುಡು. ಗುಡುಗುಡು.
ಎರಡು ಗಂಟೆಗೆ ಐದು ಮಹಡಿ ಇಳಿದೆವು,
ನಾನು ನೈಟಿ ಮೇಲೆ ಕೋಟು,
ಅವನು ಹಿಮದ ಮೇಲೆ ಬಾಗಿದ ಪ್ರಶ್ನೆಚಿಹ್ನೆ.

ಬರೆದಿಡಿ, ಅಂದರು ಡಾಕ್ಟರು.
ಹಳೆಯ ಡ್ಯೂಟಿ ಪುಸ್ತಕದಲ್ಲಿ ಬರೆದೆ,
'ವಿಳಂಬದ ಕಾರಣ' ಎಂಬ ಅಂಕಣದ ಕೆಳಗೆ:
ಸೋಮವಾರ, ತೆಳು. ಮಂಗಳವಾರ, ತೆಳು, ಹಳದಿ.
ಬುಧವಾರ ಹುಲ್ಲು ಹುಡುಕಿದ,
ಜನವರಿಯಲ್ಲಿ ಹುಲ್ಲೆಲ್ಲಿ ಬರಬೇಕು?
ಅರವತ್ತೆರಡರ ಹೆಂಗಸೊಬ್ಬಳು ಟಾರ್ಚು ಹಿಡಿದು
ನಾಯಿಯ ಹಿಂದೆ ಕಾವಲು ನಿಂತದ್ದನ್ನು
ಕಂಡವರು ಕಾಣದವರಂತೆ ಹೋದರು. ಸಭ್ಯರು.

ಶುಕ್ರವಾರ ಟಾರ್ಚಿನ ಬೆಳಕಿಗೆ ಏನೋ ಮಿಂಚಿತು.
ಬಗ್ಗಿದೆ. ಕಡ್ಡಿಯಲ್ಲಿ ಕೆದಕಿದೆ.
(ಹೇಸಬೇಡಿ, ಸಾಕಿದವರಿಗೆ ಗೊತ್ತು.)
ಹೊಂಬಣ್ಣದ ಹುರುಪೆ, ಹೊಗೆಯಲ್ಲಿ ಪಳಗಿದ ಬ್ರೀಮ್ ಮೀನಿನದು.
ಇಡೀ ಕಟ್ಟಡದಲ್ಲಿ ಅದನ್ನು ದಿನಾ ತಿನ್ನುವವನು
ಒಬ್ಬನೇ.

ಊಟ ಬಲ್ಲವನಿಗೆ ರೋಗವಿಲ್ಲ,
ಮಾತು ಬಲ್ಲವನಿಗೆ ಜಗಳವಿಲ್ಲವಂತೆ.
ನನ್ನ ನಾಯಿಗೆ ಊಟ ಗೊತ್ತಿಲ್ಲ.
ನನಗೆ ಮಾತು ಗೊತ್ತಿಲ್ಲ.
ಎರಡನೆಯ ಮಹಡಿಯ ಬಾಗಿಲು ಬಡಿದೆ.

ವಾಲ್ಡೆಮಾರ್ಸ್, ಹಡಗಿನಲ್ಲಿ ಅಡುಗೆಗಿದ್ದವನು,
ನನ್ನ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡ,
ಉಕ್ಕುವ ಪಾತ್ರೆ ತಾನೇ ಇಳಿಯಲೆಂದು ಕಾದ ಹಾಗೆ.
"ಬಾಗಿಲಲ್ಲಿ ಕೂತು ನೋಡ್ತಾ ಇದ್ದ," ಅಂದ.
"ಸಿಪ್ಪೆ ಅಷ್ಟೇ ಹಾಕಿದ್ದು. ಬರೀ ಸಿಪ್ಪೆ."
ಆಮೇಲೆ ತಡೆದು, "ಎಷ್ಟು ಬಾಲ ಅಲ್ಲಾಡಿಸಿದ ಗೊತ್ತಾ?"

ಬಾಲ.
ನನ್ನ ಟರ್ಕಿಗೆ ಒಮ್ಮೆಯೂ ಅಲ್ಲಾಡದ ಬಾಲ.
ನನ್ನ ಸಿಟ್ಟು ಪೂರ್ತಿ ಮೀನಿನ ಮೇಲಿನದಲ್ಲವೆಂದು
ಉಳಿದ ಮೂರು ಮಹಡಿ ಹತ್ತುವಾಗ ಗೊತ್ತಾಯಿತು.

ಮರುದಿನ ಅವನೇ ಹತ್ತಿ ಬಂದ, ಏದುಸಿರು ಬಿಡುತ್ತ.
ಕಡಲಿಗೆ ಹೊಸಬರಾದ ಹುಡುಗರು,
ನೀರು ಕುಡಿದರೂ ಕಕ್ಕುವವರು,
ಅವರಿಗೆ ಹೇಗೆ ಉಣಿಸುತ್ತಿದ್ದನೋ ಹಾಗೆ ಹೇಳಿದ:
ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೇ ಇಡಬೇಡ, ಉಗುರುಬೆಚ್ಚಗಿರಲಿ.
ಎರಡು ಊಟವನ್ನು ನಾಲ್ಕು ಮಾಡು.
ಹೊಸದೇನು ಬೆರೆಸಿದರೂ ಚಿಟಿಕೆ ಚಿಟಿಕೆ, ವಾರಗಟ್ಟಲೆ.
ಇಪ್ಪತ್ತು ನಿಮಿಷ ಇಡು, ಬೇಡವೆಂದರೆ ಎತ್ತು, ಗೋಗರೆಯಬೇಡ.
"ಇನ್ನೊಂದು. ಹಾಗೆ ನೋಡ್ತಾ ನಿಲ್ಲಬೇಡ.
ತುತ್ತು ಎಣಿಸೋರ ಎದುರು
ಯಾರ ಗಂಟಲಲ್ಲಿ ಇಳಿಯುತ್ತೆ?"

ಇಬ್ಬರೂ ಕಿಟಕಿಗೆ ಮುಖ ಮಾಡಿ ನಿಂತೆವು.
ಕೆಳಗೆ ಟ್ರಾಮ್ ನಾಲ್ಕು ನಿಮಿಷ ತಡವಾಗಿ ಬಂತು.
ನಾನು ಏನೂ ಹೇಳಲಿಲ್ಲ.
ಬೆನ್ನ ಹಿಂದೆ ಮೊದಲು ಉಗುರಿನ ಸದ್ದು,
ಆಮೇಲೆ ಎಷ್ಟೋ ಹೊತ್ತು ಏನಿಲ್ಲ,
ಆಮೇಲೆ ನಾಲಿಗೆ,
ಪಿಂಗಾಣಿಯ ಮೇಲೆ.

ಕುಂಬಳದ ಚೂರುಗಳನ್ನು ಮಾತ್ರ
ನೆಲದ ಮೇಲೆ ಒಂದೊಂದಾಗಿ ಆರಿಸಿಟ್ಟಿದ್ದ.
ಈಗಲೂ ಇಡುತ್ತಾನೆ.
ಎರಡನೆಯ ಮಹಡಿ ಬಂದರೆ ಈಗಲೂ ನಿಲ್ಲುತ್ತಾನೆ,
ಎಳೆಯಬೇಕು. ಒಳಗೆ ವಾಲ್ಡೆಮಾರ್ಸ್ ಉಸಿರು ಬಿಗಿಹಿಡಿದು
ಮನೆಯಲ್ಲಿಲ್ಲದವನಂತೆ ಕೂರುತ್ತಾನೆ.

ಗುರುವಾರ: ಗಟ್ಟಿ. ಕಂದು.
ವಿಳಂಬದ ಕಾರಣ: ಇಲ್ಲ.