ಹಸಿರು ವೈರು

ಮುಟ್ಟಿದರೆ ಬೀಳುತ್ತದೆ, ಅಂದರು ದೇಚಮ್ಮ.
ಯಾರು, ಅಂದೆ.
ಯಾರಲ್ಲ ಮಾರಾಯ, ಆ ಡಬ್ಬಿ. ಹೊಸ ಮೀಟರಿನ ಜೊತೆ
ಕರೆಂಟಿನವರು ಕೂರಿಸಿ ಹೋದದ್ದು.
ಬಿಸಿನೀರ ನಲ್ಲಿಗೆ ಕೈಯಿಟ್ಟರೆ ಸಾಕು,
ಟಪ್ಪಂತ ಬಿದ್ದು ಮನೆಯೆಲ್ಲ ಕತ್ತಲು.
ಹಿಂದೆ ಹೀಗಿರಲಿಲ್ಲ.
ನೀನು ರಿಪೇರಿ ಮಾಡಿದ ಮೇಲೆ ಒಂಬತ್ತು ವರ್ಷ
ಒಂದು ದಿನ ಕೈಕೊಟ್ಟದ್ದಿಲ್ಲ ಗೀಸರು.

ಚಳಿಗಾಲದಲ್ಲಿ ಹೊಗಳಿಕೆ ಬೆಚ್ಚಗಿರುತ್ತದೆ.
ಸುಂಟಿಕೊಪ್ಪದ ಮಂಜು ಇನ್ನೂ ರಸ್ತೆ ಬಿಟ್ಟಿರಲಿಲ್ಲ.
ಅಂಗಳದ ಜೀಪಿನಲ್ಲಿ ಕಾಫಿ ಕೊಯ್ಯುವವರು
ಮಫ್ಲರು ಸುತ್ತಿ ಕಾಯುತ್ತಿದ್ದರು.
ಡ್ರೈವರು ದೇಚಮ್ಮನೇ, ಕೀಲಿ ಬೆರಳಲ್ಲೇ ತಿರುಗುತ್ತಿತ್ತು.

ಮೈನ್ ಇಳಿಸಿದೆ. ಟೆಸ್ಟರು ಹಚ್ಚಿದೆ, ಉರಿಯಲಿಲ್ಲ.
ಇನ್ನೊಮ್ಮೆ ಹಚ್ಚಿದೆ. ಕುಂಞಾಲಿ ಉಸ್ತಾದರ ಪಾಠ:
ಸತ್ತ ತಂತಿಯನ್ನು ಎರಡು ಸಲ ಕೇಳು.
ಕೆಳಮುಚ್ಚಳಕ್ಕೆ ಮೂರು ಸ್ಕ್ರೂ,
ಒಂದಕ್ಕೆ ತಲೆಯೇ ಇಲ್ಲ, ಕಟಿಂಗ್ ಪ್ಲೇಯರಿನಲ್ಲಿ ಕಚ್ಚಿ ತಿರುಗಿಸಿದೆ.
ಥರ್ಮೋಸ್ಟಾಟು ಸರಿಯಿದೆ.
ಕೆಂಪು ಬಟನ್ನು ಒತ್ತಿದರೆ ಟಿಕ್ಕೆನ್ನಲಿಲ್ಲ,
ಅದು ಜಿಗಿದೇ ಇರಲಿಲ್ಲ.
ಮೀಟರಿನ ಒಂದು ಮುಳ್ಳು ಕಾಯಿಲಿನ ಕಾಲಿಗೆ,
ಇನ್ನೊಂದು ಟ್ಯಾಂಕಿನ ಮೈಗೆ.
ಅಲುಗಬಾರದ ಅಂಕಿ ಓಡಿತು.
ಅಂದರೆ ತಾಮ್ರ ಎಲ್ಲೋ ಸೂಜಿಮೊನೆಯಷ್ಟು ಬಾಯಿಬಿಟ್ಟಿದೆ.
ಕರೆಂಟು ನೀರಿಗೆ, ನೀರು ನಲ್ಲಿಗೆ, ನಲ್ಲಿ ಕೈಗೆ.

ಹಾಗಾದರೆ ಹಸಿರು ವೈರು ಏನು ಮಾಡುತ್ತಿದೆ?

ಟಾರ್ಚು ಬಾಯಲ್ಲಿ ಕಚ್ಚಿ ಬಗ್ಗಿದೆ.
ಟೇಪು ಸುತ್ತಿಕೊಂಡು, ಮಡಚಿ,
ಮೂಲೆಯಲ್ಲಿ ಕೂತಿತ್ತು. ಎಲ್ಲಿಗೂ ಸೇರದೆ.
ಯಾವ ನನ್ಮಗ ಅಂತ ಬಂದ ಬೈಗುಳ
ಟಾರ್ಚಿಗೆ ತಾಗಿ ನಿಂತಿತು.
ಮುಚ್ಚಳದ ಒಳಮೈಗೆ ಮಾರ್ಕರಿನಲ್ಲಿ
ಒಂದು ತಾರೀಕು. ಓಕೆ.
ಕೆಳಗೆ ಗೆರೆ ಎಳೆದು: ಶಂಸು.

ಆಗ ನಾನು ಸಹಿಯ ಬಾಲ ಉದ್ದ ಎಳೆಯುತ್ತಿದ್ದೆ.

ಕಕ್ಕಡ ತಿಂಗಳು. ಹಾಕಿದಷ್ಟೂ ಫ್ಯೂಸು ಸುಡುತ್ತಿತ್ತು.
ಹೊಸ ಕಾಯಿಲಿಗೆ ಕುಶಾಲನಗರಕ್ಕೆ ಹೋಗಬೇಕು,
ಇನ್ನೂ ಮೂರು ಮನೆ ಬಾಕಿ.
ಹಸಿರನ್ನು ಬಿಚ್ಚಿದೆ. ಫ್ಯೂಸು ನಿಂತಿತು, ನೀರು ಕಾಯಿತು.
ನಾಳೆ ಬಂದು ಸರಿಮಾಡುತ್ತೇನೆ,
ನನಗೆ ನಾನೇ ಹೇಳಿಕೊಂಡೆ.
ಅವರಿಗೆ ಹೇಳಲಿಲ್ಲ.
ಆ ನಾಳೆ ಇವತ್ತು.

ಬಾಗಿಲಲ್ಲಿ ಪೊನ್ನು, ಹಾಕಿ ಕೋಲು ಹೆಗಲಿಗೆ.
ಅಂಕಲ್, ಒಂದೊಂದು ಸಲ ಕೈ ಜುಂ ಅನ್ನುತ್ತಿತ್ತು.
ಚಳಿಗೆ ಅಂದುಕೊಂಡೆವು, ಅಂದರು ಅಮ್ಮ.
ನಿನಗೆಷ್ಟು ವರ್ಷ ಪುಟ್ಟಿ?
ಒಂಬತ್ತು, ಅಂದಳು.

ಆ ಡಬ್ಬಿ ಕಿತ್ತು ನೇರ ಕೊಟ್ಟುಬಿಡು ಶಂಸು,
ಹಿಂದಿನ ಸಲದ ಹಾಗೆ ಏನಾದರೂ ಮಾಡು,
ನಿನ್ನ ಕೈಗುಣ ಒಳ್ಳೆಯದು.

ಡಬ್ಬಿ ಇರಲಿ, ಅಂದೆ. ಅದೊಂದೇ ಸುಳ್ಳು ಹೇಳದ್ದು ಈ ಮನೆಯಲ್ಲಿ.
ಅವರಿಗೆ ಅರ್ಥವಾಗಲಿಲ್ಲ.

ಕೊಯ್ಲಿನವರನ್ನು ತೋಟಕ್ಕಿಳಿಸಿ
ಅದೇ ಜೀಪಿನಲ್ಲಿ ಕುಶಾಲನಗರಕ್ಕೆ ಬಿಟ್ಟರು.
ಕಾಯಿಲು, ಗ್ಯಾಸ್ಕೆಟ್ಟು, ಒಂದು ಮೀಟರು ಹೊಸ ಹಸಿರು.
ಟ್ಯಾಂಕು ಬಸಿದರೆ ಕೆಂಪು ಗಸಿ, ಬಕೆಟ್ಟಿನ ತುಂಬ.
ನಟ್ಟುಗಳನ್ನು ಎದುರುಬದುರು ಬಿಗಿದೆ,
ಎಲ್ಲಕ್ಕಿಂತ ಮೊದಲು ಹಸಿರು ಸೇರಿಸಿದೆ,
ಎಳೆದು ನೋಡಿದೆ, ಮತ್ತೆ ಎಳೆದೆ.
ಹಳೆಯ ಓಕೆಯನ್ನು ಪೆಟ್ರೋಲಿನಲ್ಲಿ ಉಜ್ಜಿದರೆ
ಓ ಹೋಯಿತು, ಕೆ ಮಸುಕಾಗಿ ಉಳಿಯಿತು.

ಬೆಲ್ಲದ ಕಾಪಿ ಕೊಟ್ಟು, ಎಷ್ಟಾಯಿತು ಅಂದರು.
ಏನೂ ಬೇಡ.
ಯಾಕೆ, ಏನು ತಪ್ಪು ಮಾಡಿದ್ದೀಯ?
ತಮಾಷೆಗೆ ಕೇಳಿದ್ದು.
ನಾನು ಹೇಳಿದೆ. ಹಸಿರು, ಟೇಪು, ಕಕ್ಕಡ, ಎಲ್ಲ.
ಲೋಟ ಕೆಳಗಿಡಲು ಜಾಗ ಸಿಗಲಿಲ್ಲ ನನಗೆ.

ದೇಚಮ್ಮ ತುಂಬ ಹೊತ್ತು ಮಗಳ ಕೈಯನ್ನೇ ನೋಡಿದರು.
ಒಳಗೆ ಹೋಗಿ ಒಂದು ಟವಲು ತಂದು
ನನ್ನ ಹೆಗಲಿಗೆ ಎಸೆದರು.

ಚಪ್ಪಲಿ ಬಿಡು, ಅಂದರು.
ಮೊದಲ ಸ್ನಾನ ನಿನ್ನದು.