ಬೊಕ್ಕ ದಾದ?

ದಕ್ಕೆಯಿಂದ ಏರಿ ಬರುವ ರಸ್ತೆಯ ಮೂಲೆಯಲ್ಲಿ
ನನ್ನ ಮೆಡಿಕಲ್ಲು. ಬೋರ್ಡಿನ ಹಸಿರು ಪ್ಲಸ್ಸಿಗೆ
ಒಂದು ಕೈ ಉರಿಯುವುದಿಲ್ಲ, ಎರಡು ವರ್ಷವಾಯಿತು.
ಒಳಗೆ ಎರಡು ಗೋಡೆ ಕಾಯಿಲೆಯವರಿಗೆ.
ಮೂರನೆಯದು, ರಸ್ತೆಗೆ ಕಾಣುವಂಥದ್ದು,
ಕಾಯಿಲೆ ಇಲ್ಲದವರಿಗೆ:
ಎಲುಬಿಗೆ, ಕೂದಲಿಗೆ, ಉಗುರಿಗೆ, ನೆನಪಿಗೆ,
ಯಾಕೆಂದು ತಿಳಿಯದ ನಿತ್ರಾಣಕ್ಕೆ
ಹೊಳೆಯುವ ಡಬ್ಬಗಳು.
ಡಾಕ್ಟರ ಚೀಟಿ ಬೇಡ.

ಹೊರಗೆ ಬುಟ್ಟಿಯಲ್ಲಿ ಬೂತಾಯಿ, ನೂರಕ್ಕೆ ಒಂದು ರಾಶಿ.
ಒಳಗೆ ಮೀನಿನದೇ ಎಣ್ಣೆ, ಹಳದಿ ಗುಳಿಗೆಯಾಗಿ,
ಅರುವತ್ತಕ್ಕೆ ಎಂಟುನೂರು.

ನನಗೆ ಕಲಿಸಿದ್ದಾದರೂ ಎಷ್ಟು?
ಬಿ.ಫಾರ್ಮದ ನಾಲ್ಕು ವರ್ಷದಲ್ಲಿ
ಈ ಡಬ್ಬಗಳಿಗೆ ಸಿಕ್ಕಿದ್ದು ಒಂದು ಮಧ್ಯಾಹ್ನ,
ಆ ಮಧ್ಯಾಹ್ನ ಕರೆಂಟಿರಲಿಲ್ಲ.
ಉಳಿದದ್ದು ಕಲಿಸಿದವನು ಕಂಪನಿಯ ರೆಪ್,
ಟೈ ಬಿಗಿದುಕೊಂಡು ಬೆವರುವ ಹುಡುಗ.
"ಮೇಡಂ, ಹತ್ತು ತೆಗೆದರೆ ಎರಡು ಫ್ರೀ."
ಇದು ಯಾರಿಗೆ ಆಗದು ಅಂತ ಕೇಳಿದೆ.
ಬ್ಯಾಗು ತಡಕಿದ.
ಒಂದು ಪೆನ್ನು ಕೊಟ್ಟ.

ಹರಿಣಾಕ್ಷಿ ಮೆಂಡನ್ ತಿಂಗಳಿಗೊಮ್ಮೆ ಬರುತ್ತಾಳೆ.
ಎದೆಯೊಳಗೆ ಲೋಹದ ಕವಾಟ, ಸಂಜೆಗೊಂದು
ರಕ್ತ ಹೆಪ್ಪುಗಟ್ಟದಂತೆ ಕಾಯುವ ಮಾತ್ರೆ.
ಸ್ಟ್ರಿಪ್ಪು ಕತ್ತರಿಸುತ್ತಾ ನಾನು, ಎಲ್ಲರಿಗೂ ಅನ್ನುವ ಹಾಗೆ,
"ಬೊಕ್ಕ ದಾದ?"
ಮತ್ತೇನು ಅಂತ. ನಮ್ಮಲ್ಲಿ ಅದು ಪ್ರಶ್ನೆಯಲ್ಲ,
ಚಿಲ್ಲರೆ ಎಣಿಸುವಾಗ ಬಾಯಿಗೊಂದು ಕೆಲಸ.
ಅವಳ ಉತ್ತರವೂ ಉತ್ತರವಲ್ಲ:
"ದಾಲ ಇಜ್ಜಿ ಬಾಯಿ."
ಏನೂ ಇಲ್ಲ.
ಎರಡು ವರ್ಷ, ಇಪ್ಪತ್ತನಾಲ್ಕು ಸಲ,
ಏನೂ ಇಲ್ಲದ್ದನ್ನು ಕೊಟ್ಟು ತೆಗೆದುಕೊಂಡೆವು.

ಮೊನ್ನೆ ಶನಿವಾರ ಅವಳ ಮೊಣಕೈ ಕಂಡಿತು.
ನೇರಳೆ ಹಣ್ಣು ಜಜ್ಜಿದ ಬಣ್ಣ.
"ಬುಟ್ಟಿ ತಾಗಿದ್ದು."
ಬುಟ್ಟಿ ಮೂವತ್ತು ವರ್ಷದಿಂದ ತಾಗುತ್ತಿದೆ.
ಹಲ್ಲುಜ್ಜುವಾಗ? "ಹಾಂ, ಸ್ವಲ್ಪ ಕೆಂಪು."
ಕತ್ತರಿ ಕೆಳಗಿಟ್ಟೆ. ಅವಳ ಕಣ್ಣನ್ನೇ ನೋಡಿ
ಅದೇ ಎರಡು ಶಬ್ದವನ್ನು
ಮೊದಲ ಸಲ ಕೇಳಿದೆ.

ದುಡ್ಡಿನ ಚೀಲದ ತಳದಿಂದ ಒಂದೊಂದೇ
ಕೌಂಟರಿಗೆ ಬಂತು:
ತಂಗಿಯ ಮಗ ಮಸ್ಕತ್ತಿನಿಂದ ತಂದ ಬೆಳ್ಳುಳ್ಳಿ ಗುಳಿಗೆ,
ಮರೆವಿಗೆಂದು ಯಾವುದೋ ಚೀನಾ ಮರದ ಎಲೆಯದ್ದು,
ಕೊನೆಗೆ, ಸ್ವಲ್ಪ ನಾಚಿಕೆಯಿಂದ, ಒಂದು ಹಳದಿ ಡಬ್ಬ.
ಮೀನೆಣ್ಣೆ. ಮುಚ್ಚಳದ ಮೇಲೆ ಬೆಲೆ
ನನ್ನದೇ ಅಕ್ಷರದಲ್ಲಿ.

"ಇದು ಮದ್ದಲ್ಲವಲ್ಲ ಬಾಯಿ. ಇದು ಶಕ್ತಿಗೆ.
ನೀವು ಕೇಳುತ್ತಿದ್ದದ್ದು ಮದ್ದು ಅಂತ ಎಣಿಸಿದೆ."

ಇರುವೆ ಸಾಲಿನಂಥ ಅಕ್ಷರ ಇಬ್ಬರೂ ಬಗ್ಗಿ ಓದಿದೆವು.
ಈ ಮೂರೂ ಸದ್ಯ ನಿಲ್ಲಿಸಿ, ಸಂಜೆಯ ಮಾತ್ರೆ ಮಾತ್ರ
ನೀವಾಗಿ ಬಿಡಬೇಡಿ, ರಕ್ತ ಪರೀಕ್ಷೆ ಇವತ್ತೇ, ಅಂದೆ.
ಎಲೆಯದ್ದೂ ಬೆಳ್ಳುಳ್ಳಿಯದ್ದೂ ರಕ್ತ ಸೋರಿಸಬಹುದು.
ಮೀನೆಣ್ಣೆ ಎಷ್ಟು ಸೇರಿಸುತ್ತದೆ?
"ನನಗೆ ಸರಿಯಾಗಿ ಗೊತ್ತಿಲ್ಲ," ಅಂದೆ,
ಬಿಳಿ ಕೋಟು ಹಾಕಿಕೊಂಡೇ.
ಡಾಕ್ಟರಿಗೆ ಫೋನು ಹಚ್ಚಿದೆ. ಹಿಂದಿನವನು ಗೊಣಗಿದ.
ಸ್ಟೇಟ್‌ಬ್ಯಾಂಕಿನ ಬಸ್ಸು ಎರಡು ಹೋಯಿತು.

ಈಗ ಎಲ್ಲರಿಗೂ ಕೇಳುತ್ತೇನೆ, ಸಾಲು ಉದ್ದವಾಗುತ್ತದೆ.
ವಾಸಂತಿ ಟೀಚರು ಥೈರಾಯ್ಡಿನದ್ದನ್ನೂ ಕ್ಯಾಲ್ಸಿಯಮ್ಮನ್ನೂ
ಒಂದೇ ಗುಟುಕಿಗೆ ನುಂಗುತ್ತಿದ್ದರಂತೆ;
ನಡುವೆ ನಾಲ್ಕು ಗಂಟೆ ಬಿಡಿ ಅಂದರೆ
ನನಗೆ ನಾಲ್ಕು ಗಂಟೆ ಯಾರು ಬಿಡುತ್ತಾರೆ ಅಂದರು.
ಜಿಮ್ಮಿನ ಸಫ್ವಾನ್ ಮೂರು ಪುಡಿಗಳ ಹೆಸರು ಹೇಳಿ
ಎದೆ ಡವಡವ ಅನ್ನುವುದನ್ನು
ಬಾಗಿಲ ತನಕ ಹೋಗಿ ವಾಪಸು ಬಂದು ಹೇಳಿದ.
ರೆಪ್ಪಿನ ಹತ್ತು ಡಬ್ಬ ಹಾಗೇ ಇದೆ.

ಹರಿಣಾಕ್ಷಿ ಮೊನ್ನೆ ಬಂದಳು. ಮೊಣಕೈ ತಿಳಿಯಾಗಿತ್ತು.
ಬೂತಾಯಿ ತಿನ್ನಬಹುದಾ ಅಂತ ಕೇಳಿ ತಾನೇ ನಕ್ಕಳು.
ಆಮೇಲೆ ಕೌಂಟರಿಗೆ ಮೊಣಕೈಯೂರಿ, ನಿಧಾನಕ್ಕೆ,
ನನ್ನಿಂದಲೇ ಕಲಿತ ಹಾಗೆ:
"ಈರ್ ದಾದ ತಿನ್ಪರ್ ಬಾಯಿ?"
ನೀವೇನು ತಿನ್ನುತ್ತೀರಿ?

ಕೂದಲಿನ ಗುಳಿಗೆ ಇರುವ ಡ್ರಾಯರನ್ನು
ಮೊಣಕಾಲಲ್ಲಿ ಮೆಲ್ಲಗೆ ಮುಚ್ಚಿ
ಚಿಲ್ಲರೆ ಎಣಿಸುತ್ತಾ ಅಂದೆ:
ದಾಲ ಇಜ್ಜಿ.