ಹದಿನಾಲ್ಕನೆಯ ಚೌಕ

ಸೋಮವಾರ ಬೆಳಗ್ಗೆ ವೆಲ್ಟಾ ಅಂಗಿ ಕಳಚಿ
ನನಗೆ ಬೆನ್ನು ಕೊಟ್ಟು ಕೂತಳು.
ಎಪ್ಪತ್ತೊಂದರ ಬೆನ್ನು. ರೀಗಾದ ಚಳಿ ಇನ್ನೂ ಅದರ ಮೇಲೆ.
ನನ್ನ ಕೈ ತಗುಲಿದ್ದೇ ತಡ, ಬೆಚ್ಚಿದಳು:
"ತಪ್ಪು ತಿಳಿಯಬೇಡ ಮಗಳೆ, ಎಷ್ಟೋ ವರ್ಷವಾಯ್ತು
ಅಲ್ಲಿ ಯಾರಾದರೂ ಮುಟ್ಟಿ."

ಬೆರಳ ಸಂದಿಯಲ್ಲಿ ನೀರುಗುಳ್ಳೆ. ರೆಪ್ಪೆ ಊದಿ
ಕಣ್ಣು ಎರಡು ಗೀರು.
ಕೇಳುವ ಮೊದಲೇ ಹೇಳಿದಳು: ಬೆಕ್ಕು.
ಮಗಳು ಹೇಳಿದ್ದು ಬೆಕ್ಕು, ಔಷಧಿ ಅಂಗಡಿಯವ ಹೇಳಿದ್ದು ಬೆಕ್ಕು,
ಟ್ರಾಮಿನಲ್ಲಿ ಪಕ್ಕ ಕೂತ ಯಾರೋ ಹೆಂಗಸು ಕೂಡ
ಕೈ ನೋಡಿ, ಮನೆಯಲ್ಲಿ ಬೆಕ್ಕಿದೆಯಾ ಅಂದಳಂತೆ.
ಕ್ರಿಸ್‌ಮಸ್ ಕಳೆದು ಮೂರನೇ ದಿನ ಮಿಂಕಾಳನ್ನು
ಆಲೂಗಡ್ಡೆ ಬುಟ್ಟಿಯಲ್ಲಿಟ್ಟು, ಮೇಲೆ ಟವಲು ಮುಚ್ಚಿ,
ಮೂರನೇ ಮಹಡಿಯ ಗುಂಟಿಸ್‌ಗೆ ಕೊಟ್ಟು ಬಂದಳು.
ಕೈ ಮಾತ್ರ ಹಾಗೇ ಇದೆ.
"ರೋಮ ಇನ್ನೂ ರಗ್ಗಿನಲ್ಲಿರಬೇಕು" ಅಂದಳು,
ಇರಲಿ ಎಂದು ಬೇಡಿಕೊಳ್ಳುವ ದನಿಯಲ್ಲಿ.

ಮುಂಗೈ ಮೇಲೆ ಪೆನ್ನಿನಿಂದ ಅಂಕಿ ಬರೆದೆ,
ಹನಿಯಿಟ್ಟು ಚುಚ್ಚಿದೆ. ಹದಿನೈದು ನಿಮಿಷ.
ಧೂಳಿನ ಹುಳ, ಇಲ್ಲ. ನಾಯಿ, ಇಲ್ಲ.
ಬೆಕ್ಕು. ಇಬ್ಬರೂ ಬಗ್ಗಿ ನೋಡಿದೆವು.
ಸೊಳ್ಳೆ ಕಚ್ಚಿದಷ್ಟೂ ಇಲ್ಲ.

ಬುಧವಾರ ಬೆನ್ನಿನ ಪಟ್ಟಿ ಬಿಚ್ಚಿದೆ.
ಇಪ್ಪತ್ತು ಚೌಕದಲ್ಲಿ ಹತ್ತೊಂಬತ್ತು ಬೋಳು,
ಹದಿನಾಲ್ಕು ಮಾತ್ರ ಕೆಂಪಗೆ ಉಬ್ಬಿ
ಅರಗಿನ ಮುದ್ರೆ ಒತ್ತಿದ ಹಾಗೆ.
"ಮನೆಯಲ್ಲಿ ಪ್ರಿಮ್ಯುಲಾ ಇದೆಯಾ?"

ಇದೆ. ಕಿಟಕಿಯ ಕಟ್ಟೆ ತುಂಬ, ಒಂಬತ್ತು ಕುಂಡ.
ಹೊರಗೆ ದೌಗಾವಾ ನದಿ ಕಲ್ಲಾಗಿರುವಾಗ
ಒಳಗೆ ನಸುಗೆಂಪು ಬಿಡುವ ಗಿಡ. ದಿನಾ ಬೆಳಗ್ಗೆ
ಬಾಡಿದ್ದನ್ನು ಬರಿಗೈಲಿ ಚಿವುಟಿ,
ಅದೇ ಬೆರಳಲ್ಲಿ ಕಣ್ಣುಜ್ಜಿ.
ಬೆಕ್ಕು ಹೋದ ಮೇಲೆ ಅವುಗಳ ಜೊತೆಯೇ ಮಾತು.
ಹೂವಿನ ತಪ್ಪಿಗೆ ಬೆಕ್ಕಿಗೆ ಬರೆ.

ಅಂಗಿಯ ಗುಂಡಿ ಹಾಕಿಕೊಂಡಳು, ಒಂದು ತಪ್ಪಿ,
ಬಿಚ್ಚಿ, ಮತ್ತೆ.
"ಗುಂಟಿಸ್ ಅದಕ್ಕೆ ಬೇರೆ ಹೆಸರಿಟ್ಟಿದ್ದಾನೆ" ಅಂದಳು.
"ಕರೆದರೆ ಹೋಗುತ್ತೆ."

ಶುಕ್ರವಾರ ಇನ್ನೊಂದು ಸಲ ಬೆನ್ನು ನೋಡಬೇಕು. ಬಂದಳು.
ಒಂಬತ್ತೂ ಕುಂಡ ಮೆಟ್ಟಿಲ ಕೆಳಗಿವೆಯಂತೆ,
ಹಿಮದಲ್ಲಿಡಲು ಮನಸ್ಸು ಬರಲಿಲ್ಲವಂತೆ.
ಹದಿನಾಲ್ಕರ ಮೇಲೆ ಮುಲಾಮು ಸವರಿದೆ,
ಬೇಕಾದ್ದಕ್ಕಿಂತ ತುಸು ನಿಧಾನ.
ಅವಳು ಕದಲಲಿಲ್ಲ.
ಗೂಟಕ್ಕೆ ನೇತುಹಾಕಿದ ಕೋಟಿನ ತೋಳಿನಲ್ಲಿ
ಒಂದು ಬೂದು ಕೂದಲು ಕಂಡೆ.
ಹಳೆಯದೋ, ನಿನ್ನೆಯದೋ,
ತೆಗೆಯಲಿಲ್ಲ.